ಬಾಲವಿಲ್ಲದ ಒಂದೇ ಸಾಲು

ಏ ಗುಂಡೂ, ಮೊದಲ ನಿನಗ ಹೇಳತೇನಿ, ಕಿವಿಗೊಟ್ಟು ಕೇಳು. ಹೋದ ವಾರ ವಾಟ್ಸಾಪ್ ಗ್ರೂಪಿನಾಗ ನೀ ಏನ ಬರದಿ? "ಬಸವಣ್ಣೆಪ್ಪ ಕಾಕಾಗ ಮುಂಜಾನಿ ತಿಂದಿದ್ದು ನೆನಪಿರೂದಿಲ್ಲ, ಮಂದಿ ಆಡಿದ ಮಾತು ಹೆಂಗ ನೆನಪಿರತಾವು?" ಅಂತ. ಅದರ ಕೆಳಗ ಉಳಿದವರು ಹಲ್ಲು ಕಿಸಿದ ಚಿತ್ರ ಹಾಕೀರಿ. ಮುಂಜಾನಿ ತಿಂದಿದ್ದು ನೆನಪಿಡಾಕ ಅದೇನ ಲಗ್ನದ ಊಟೇನೋ? ದಿನಾ ಅದ ರೊಟ್ಟಿ, ಅದ ಪಲ್ಯ. ಆದ್ರ ಗಡಹಿಂಗ್ಲಜ ಬಸ್ ಓಡಸೂ ಮುಂದ ಯಾವ ತಿರುವಿನಾಗ ಯಾರು ಇಳಿದ್ರು, ಇಳಿಯೂ ಮುಂದ ಯಾರ ಮಾರಿ ಸಣ್ಣ ಆಗಿತ್ತು, ಎಲ್ಲಾ ಹೇಳತೇನಿ. ಕಂಡಕ್ಟರ್ ಬಂದ ಕೂಡ್ಲೆ ನಿಮ್ಮಪ್ಪ ಹಿಂದಿನ ಸೀಟಿನ ಕೆಳಗ ಅಡಗತಿದ್ದಾ. ಅದನ್ನೂ ಹೇಳ್ಲೇನು?

ಬೈಯುವುದು ಮನೆಯ ಮಾತಿನಲ್ಲಿ, ಕಥೆ ಹೇಳುವುದು ಶಾಲೆಯ ಮಾತಿನಲ್ಲಿ. ಬೈದದ್ದು ಮುಗಿಯಿತು.

ನನ್ನ ನೆನಪನ್ನು ಅನುಮಾನಿಸುವ ನೀವೇ ಒಂದು ಯಂತ್ರದ ನೆನಪನ್ನು ಕಣ್ಣು ಮುಚ್ಚಿ ನಂಬಿದಿರಿ. ಇಚಲಕರಂಜಿಯಲ್ಲಿ, ಜಿನಪಾಲನ ಕಾರ್ಖಾನೆಯ ನೇಕಾರ ರಾಯಪ್ಪನ ಎರಡು ಬೆರಳು ಮಗ್ಗಕ್ಕೆ ಹೋದವು. ಮಗ್ಗಕ್ಕೆ ಅಪ್ಪಣೆ ಕೊಡುವ ಫೈಲಿನಲ್ಲಿ ಸಾಲು ಸಾಲಿಗೂ ಅಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಸ್ನೇಹಲಳ ಹೆಸರಿದೆ ಎಂದು ಕಂಪ್ಯೂಟರ್ ಹೇಳಿತು. ಅಷ್ಟಕ್ಕೇ, ಆ ಹುಡುಗಿಯನ್ನು ಒಳಗೆ ಹಾಕಬೇಕು ಎಂದು ಇದೇ ಗ್ರೂಪಿನಲ್ಲಿ ಬರೆದಿರಿ. ಈಗ ಕೇಳಿ. ಇದು ಹಳೆಯ ಕಾಲದ್ದಲ್ಲ, ನಿನ್ನೆ ನಡೆದದ್ದು.

ಸ್ನೇಹಲಳ ಕೋಣೆಯ ಬಾಗಿಲನ್ನು ರತ್ನಮಾಲಾಬಾಯಿ ತಟ್ಟಿದಾಗ ಒಳಗಿಂದ ಉತ್ತರ ಬರಲಿಲ್ಲ. ಬಂದಿದ್ದರೂ ಕೇಳುತ್ತಿರಲಿಲ್ಲ. ಆ ಓಣಿಯ ಎರಡೂ ಬದಿಗೆ ಮಗ್ಗಗಳು. ಖಟಾಖಟ್, ಖಟಾಖಟ್. ಅಲ್ಲಿಯ ಮಂದಿ ತುಟಿ ನೋಡಿ ಮಾತು ತಿಳಿಯುತ್ತಾರೆ. ಯಾರೂ ನಿಮ್ಮ ಮುಖ ನೋಡದೆ ಹೋದರೆ ಆ ಓಣಿಯಲ್ಲಿ ನೀವು ಮೂಕರು.

ಮತ್ತೆ ತಟ್ಟಿದಾಗ ಪಕ್ಕದ ಮನೆಯ ಹೆಂಗಸು ತಲೆ ಹೊರಗೆ ಹಾಕಿದಳು.

"ಅಕಿ ಒಳಗ ಅದಾಳ್ರಿ. ನಾವ್ಯಾರೂ ಮಾತಾಡಸೂದಿಲ್ಲ."

ಇಷ್ಟು ಹೇಳಿ ಕದ ಹಾಕಿಕೊಂಡಳು. ಮಾತಾಡಿಸಿದ ಪಾಪ ತಟ್ಟೀತು ಎನ್ನುವ ಹಾಗೆ.

ಹೊಸದಾಗಿ ಗ್ರೂಪಿಗೆ ಸೇರಿದವರಿಗೆ ಹೇಳುತ್ತೇನೆ. ರತ್ನಮಾಲಾಬಾಯಿ ಕೊಲ್ಹಾಪುರದಲ್ಲಿ ಪತ್ತೇದಾರಿಕೆ ಮಾಡುವವರು. ಹೆಚ್ಚಿನದು ಲಗ್ನದ ವಿಚಾರಣೆ: ಹುಡುಗ ಕುಡಿಯುತ್ತಾನೆಯೇ, ಬೇರೆ ಊರಿನಲ್ಲಿ ಇನ್ನೊಂದು ಸಂಸಾರ ಇದೆಯೇ. ಜೈನರ ಹೆಂಗಸು, ಐವತ್ತು ದಾಟಿದೆ, ಹತ್ತಿ ಸೀರೆ, ಕಾಲಿಗೆ ಕರಕರ ಎನ್ನುವ ಗಂಡಸರ ಚಪ್ಪಲಿ. ನಾನು ಅವರ ಕಾರು ಓಡಿಸುತ್ತೇನೆ. ಬಾಯಿ ಮುಚ್ಚಿಕೊಂಡಿರಿ ಎಂದು ಅವರು ಹೇಳುತ್ತಾರೆ, ನಾನು ಮುಚ್ಚುವುದಿಲ್ಲ, ಹೀಗೆ ನಡೆದಿದೆ. ಈ ಕೆಲಸಕ್ಕೆ ಅವರನ್ನು ಕರೆದದ್ದು ಮತ್ತಾರೂ ಅಲ್ಲ, ಬೆರಳು ಕಳೆದುಕೊಂಡ ರಾಯಪ್ಪನ ಹೆಂಡತಿ ಸುಶೀಲಾಬಾಯಿ.

ನಿನ್ನೆ ಬೆಳಿಗ್ಗೆ ಮೊದಲು ಕೊಲ್ಹಾಪುರದ ದವಾಖಾನೆಗೆ ಹೋಗಿ ರಾಯಪ್ಪನನ್ನು ಕಂಡಿದ್ದೆವು. ಪಟ್ಟಿ ಸುತ್ತಿದ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು, ಅದು ಬೇರೆ ಯಾರದೋ ಎನ್ನುವಂತೆ ನೋಡುತ್ತ ಮಲಗಿದ್ದ.

"ನೂಲು ಹರೀತ್ರಿ ಅಕ್ಕಾರ. ಹರದ ಕೂಡ್ಲೆ ಮಗ್ಗ ನಿಂದರತೈತಿ, ನಮ್ಮ ಕೈ ಹೋಗತೈತಿ. ನೋಡಿ ಹಾಕೂದಲ್ಲ, ರೂಢಿ. ಅವತ್ತೂ ಕೈ ಹೋತು. ಮಗ್ಗ ನಿಂದರಲಿಲ್ಲ."

"ಅದಕ್ಕಿಂತ ಮೊದಲ ಮಗ್ಗ ಸರಿ ಇತ್ತೇನು?"

"ಭಾಳ ನಿಂದರತಿತ್ರಿ. ಎಳಿ ಸ್ವಲ್ಪ ಅಳ್ಳಾಡಿದ್ರೂ ನಿಂದರತಿತ್ತು. ಅರಿವಿ ಇಳೀತಿದ್ದಿಲ್ಲ. ನಾನ ಹೇಳಿದ್ನಿ, ಏನಾರ ಮಾಡ್ರಿ ಅಂತ."

"ಯಾರಿಗೆ ಹೇಳಿದಿ?"

ರಾಯಪ್ಪ ಗೋಡೆಯ ಕಡೆಗೆ ಮುಖ ತಿರುಗಿಸಿದ.

"ಆ ಪೋರಿಗೆ ಅಲ್ಲ," ಎಂದ. ಆಮೇಲೆ ಒಂದು ಮಾತಿಲ್ಲ. ಸುಶೀಲಾಬಾಯಿ ಬೇಡಿಕೊಂಡರೂ ಇಲ್ಲ.

ಅದಕ್ಕೇ ಇಚಲಕರಂಜಿಗೆ ಬಂದು ಈ ಬಾಗಿಲು ತಟ್ಟುತ್ತಿದ್ದೆವು. ಕೊನೆಗೆ ಸ್ನೇಹಲ ತೆರೆದಳು. ಇಪ್ಪತ್ತೈದರ ಆಸುಪಾಸಿನ ಹುಡುಗಿ. "ಬರ್ರಿ" ಎಂದಳು, ಅಷ್ಟಕ್ಕೇ ದನಿ ಒಡೆದು ಕೆಮ್ಮಿದಳು. ಬಹಳ ದಿನ ಮಾತಾಡದವರ ದನಿ ಹಾಗೆ ಇರುತ್ತದೆ. ನನಗೆ ಗೊತ್ತು, ಬೆಳಿಗ್ಗೆ ನನ್ನ ದನಿಯೂ ಹಾಗೇ ಇರುತ್ತದೆ.

ಒಂದೇ ಕೋಣೆ. ಚಾಪೆ, ಒಲೆ, ಲ್ಯಾಪ್‌ಟಾಪ್. ಗೋಡೆಗೆ ಒಂದು ಫೋಟೋ: ಹಂಚಿನ ಮನೆಯ ಮುಂದೆ ಎರಡು ಜಡೆಯ ಸ್ನೇಹಲ, ಅವಳ ಹಿಂದೆ ಎತ್ತರದ ಹುಡುಗ.

"ಚಹಾ ಮಾಡತೇನ್ರಿ," ಎಂದು ಎದ್ದಳು. ತೆಳ್ಳಗಿನ ಚಹಾ, ಎರಡು ಕಪ್‌ಬಶಿ, ಎರಡೂ ನಮಗೆ.

"ನಿನಗ?" ರತ್ನಮಾಲಾಬಾಯಿ ಕೇಳಿದರು.

"ನಾ ಕುಡಿಯೂದಿಲ್ರಿ. ಸಣ್ಣಾಕಿ ಇದ್ದಾಗಿಂದ ಅದರ ವಾಸನಿ ಆಗೂದಿಲ್ಲ."

ಬಾಯಿಯವರ ಕಣ್ಣು ಒಲೆಯ ಪಕ್ಕದ ಚಹಾಪುಡಿಯ ಡಬ್ಬಿಯ ಮೇಲೆ ಹೋಯಿತು. ದೊಡ್ಡ ಡಬ್ಬಿ, ಪುಡಿ ತಳ ಮುಟ್ಟಿತ್ತು. ಸ್ನೇಹಲ ಅದನ್ನು ಪೂರ್ತಿ ಸುರಿದಿರಲಿಲ್ಲ, ತಳದಲ್ಲಿ ಸ್ವಲ್ಪ ಉಳಿಸಿ ಮುಚ್ಚಿದ್ದಳು. ಗುಂಡೂ, ಈ ಡಬ್ಬಿಯನ್ನು ನೆನಪಿಟ್ಟುಕೋ.

"ಫೋಟೋದಾಗ ಯಾರು?"

"ನಮ್ಮಣ್ಣ, ಅಭಯ. ಮಗ್ಗಕ್ಕ ಡಬ್ಬಿ ಕೂಡಸೂ ಕೆಲಸಾ ಅವನ ಶುರು ಮಾಡಿದ್ದು. ನನಗ ಕಲಿಸಿದ್ದೂ ಅವನ. ಜಿನಪಾಲಣ್ಣಾರ ಕೂಡ ಜಗಳ ಆತು, ಬಿಟ್ಟು ಮಹಾಗಾಂವಕ್ಕ ಹೋದ. ಅವ್ವ ಅಪ್ಪ ಇಲ್ಲ. ನಾವಿಬ್ಬರ."

"ಈಗ ಏನಂತಾನ?"

"ಫೋನ್ ಬಂದ್ ಐತ್ರಿ."

"ಯಾವಾಗಿಂದ?"

ಅವಳು ಬಶಿಯನ್ನು ಸರಿಯಾಗಿಯೇ ಇದ್ದರೂ ಮತ್ತೆ ಸರಿ ಮಾಡಿ ಇಟ್ಟಳು. "ರಾಯಪ್ಪ ಕಾಕಾಂದು ಆದಾಗಿಂದ."

ಮಗ್ಗದ ಡಬ್ಬಿ ಎಂದರೆ ಏನು ಎಂದು ಹೇಳುತ್ತೇನೆ. ಜಿನಪಾಲನ ಕಾರ್ಖಾನೆಯಲ್ಲಿ ಒಂದೊಂದು ಮಗ್ಗಕ್ಕೂ ಸಣ್ಣ ಕಂಪ್ಯೂಟರ್ ಕೂರಿಸಿದ್ದಾರೆ. ಈ ಬಣ್ಣ ಎತ್ತು, ಆ ಬಣ್ಣ ಇಳಿಸು, ನೂಲು ಹರಿದರೆ ನಿಲ್ಲು, ಎಲ್ಲ ಅಪ್ಪಣೆಗಳೂ ಸಾವಿರಾರು ಸಾಲುಗಳ ಒಂದು ಫೈಲಿನಲ್ಲಿ. ಆ ಫೈಲನ್ನು ಯಾರು ಬದಲಿಸಿದರು, ಏನು ಬದಲಿಸಿದರು ಎಂದು ನೆನಪಿಡುವುದಕ್ಕೆ ಗಿಟ್ ಎನ್ನುವ ಸಾಮಾನು. ಬದಲಾದದ್ದನ್ನು ಗಿಟ್ಟಿನೊಳಗೆ ಹೆಸರಿನ ಸಮೇತ ಸೇರಿಸುವುದಕ್ಕೆ ಕಮಿಟ್ ಎನ್ನುತ್ತಾರೆ.

ಸ್ನೇಹಲ ಲ್ಯಾಪ್‌ಟಾಪ್ ತೆರೆದು ರಾಯಪ್ಪನ ಮಗ್ಗದ ಕೊನೆಯ ಕಮಿಟ್ ತೋರಿಸಿದಳು. ಹಳೆಯ ಸಾಲು ಕೆಂಪು, ಹೊಸ ಸಾಲು ಹಸಿರು. ಇಡೀ ಫೈಲು ಕೆಂಪು, ಇಡೀ ಫೈಲು ಹಸಿರು. ಮೇಲೆ ಅವಳ ಹೆಸರು.

"ಎಲ್ಲಾ ಬದಲ ಆಗೇತಲ್ಲ," ಎಂದೆ ನಾನು.

"ಓದಿ ನೋಡ್ರಿ ಕಾಕಾ. ಕೆಂಪಿನಾಗ ಇದ್ದದ್ದ ಹಸಿರಿನಾಗ ಐತಿ."

ಮೇಲಿನ ನಾಲ್ಕಾರು ಸಾಲು ಓದಿದೆ. ನಿಜ. ಅಕ್ಷರಕ್ಕೆ ಅಕ್ಷರ ಅದೇ. ಅವಳು ಏನೋ ಒತ್ತಿದಳು. ಹಸಿರು ಸಾಲುಗಳ ತುದಿಯಲ್ಲೆಲ್ಲ ಒಂದು ಗುರುತು ಎದ್ದಿತು: ತಲೆಯ ಮೇಲಿನ ಟೋಪಿಯಂಥ ಒಂದು ಚಿಹ್ನೆ, ಅದರ ಪಕ್ಕಕ್ಕೆ ಇಂಗ್ಲಿಷಿನ ಎಮ್.

"ಇದು ಕಣ್ಣಿಗೆ ಕಾಣಲಾರದ್ದು," ಎಂದಳು. ಮೂಲೆಯಲ್ಲಿದ್ದ ಎರಡು ತುಂಡು ಬಟ್ಟೆ ತಂದಳು. "ಇದು ಲಾಳಿ ಮಗ್ಗದ ಅರಿವಿ. ಅಡ್ಡ ನೂಲು ಅಂಚಿಗೆ ಹೋಗಿ ಹೊಳ್ಳಿ ಬರತೈತಿ, ಅಂಚು ನುಣುಪು. ಇದು ಲಾಳ್ಯಾಗ ನೇದಿದ್ದಲ್ಲ, ರೇಪಿಯರ್ ಮಗ್ಗದ್ದು. ಪ್ರತಿ ಎಳೀನೂ ಕತ್ತರಿಸಿ ಬಿಡತೈತಿ, ಅಂಚಿಗೆ ಬಾಲ ಉಳೀತಾವು. ಅರಿವಿ ಒಂದ ಇರಬಹುದು, ಅಂಚು ನೋಡಿದ್ರ ಯಾವ ಮಗ್ಗ ಅಂತ ತಿಳೀತೈತಿ."

"ಹೌದು. ಮುಂದ?"

"ವಿಂಡೋಸ್ ಕಂಪ್ಯೂಟರ್ ಪ್ರತಿ ಸಾಲಿನ ತುದಿಗೆ ಒಂದು ಹೆಚ್ಚಿನ ಗುರುತು ಬಿಡತೈತ್ರಿ. ಅದ ಈ ಬಾಲ. ನನ್ನದು ಲಿನಕ್ಸ್, ಅದು ಬಾಲ ಬಿಡೂದಿಲ್ಲ. ಅಕ್ಷರ ಅದ ಇದ್ರೂ ಬಾಲ ಬಂತಂದ್ರ ಗಿಟ್ ಅದನ್ನ ಬದಲಾದ ಸಾಲು ಅಂತ ಎಣಸತೈತಿ."

ರತ್ನಮಾಲಾಬಾಯಿ ಎರಡೂ ತುಂಡುಗಳ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

"ಅಂದ್ರ ಇದು ನಿನ್ನ ಮಗ್ಗದ ಅರಿವಿ ಅಲ್ಲ."

"ಅಲ್ರಿ. ಆಫೀಸಿನ ಹಳೇ ವಿಂಡೋಸ್ ಕಂಪ್ಯೂಟರಿಂದು. ಅದೊಂದ ಐತಿ ಅಲ್ಲೆ."

"ಮತ್ತ ನಿನ್ನ ಹೆಸರು ಹೆಂಗ ಬಂತು?"

"ಅದರಾಗ ಗಿಟ್ ಹಾಕೂ ಮುಂದ ಹೆಸರು ಕೇಳತೈತ್ರಿ. ಯಾರದು ಹಾಕ್ಲಿ ಅಂತ ಜಿನಪಾಲಣ್ಣಾರಿಗೆ ಕೇಳಿದ್ನಿ. 'ನಿಂದ ಹಾಕು, ಎಲ್ಲಾ ಒಂದ ಹೆಸರಿನಾಗಿರಲಿ' ಅಂದ್ರು. ಅವತ್ತಿನಿಂದ ಅದರ ಮುಂದ ಯಾರ ಕುಂತು ಏನ ಮಾಡಿದ್ರೂ ನಾ ಮಾಡಿದ್ದು."

ನೀವು ನಗಬೇಡಿ. ನಿಮ್ಮ ಮನೆಯಲ್ಲಿ ಗ್ಯಾಸ್ ಯಾರ ಹೆಸರಿನಲ್ಲಿದೆ? ಫೋನಿನ ಸಿಮ್ಮು? ಕೂಡುಕುಟುಂಬದಲ್ಲಿ ಎಲ್ಲವೂ ಒಬ್ಬರ ಹೆಸರಿನಲ್ಲಿ. ಜಿನಪಾಲನ ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಯಿತು, ಕಾರ್ಖಾನೆಯ ಕರೆಂಟಿನ ಮೀಟರು ಇನ್ನೂ ಅಜ್ಜನ ಹೆಸರಿನಲ್ಲೇ ತಿರುಗುತ್ತಿದೆ. ಯಾರಿಗೂ ಅದು ವಿಚಿತ್ರ ಅನ್ನಿಸಿಲ್ಲ.

"ಬಾಲ ಬಂದ್ರ ಕತ್ತರಿಸಿ ಒಳಗ ತಗೋ ಅಂತ ಗಿಟ್‌ಗೆ ಒಂದು ಸಣ್ಣ ಫೈಲ್ ಬರದಿಟ್ರ ಈ ಗದ್ದಲಾನ ಇರತಿದ್ದಿಲ್ಲ," ಎಂದಳು ಸ್ನೇಹಲ. "ಬರೀತೇನಿ ಅಂದ್ನಿ. 'ನಡದಿದ್ದಕ್ಕ ಕೈ ಹಚ್ಚಬ್ಯಾಡ' ಅಂದ್ರು."

"ಇದನ್ನೆಲ್ಲಾ ಮೊದಲ ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ರಿ ಅಕ್ಕಾರ. ಹೆಸರು ನೋಡಿದ್ರು, ಹೋದ್ರು."

ಆ ಮಾತನ್ನು ಅಳದೆ ಹೇಳಿದಳು. ಅತ್ತಿದ್ದರೆ ನನಗೆ ಕಡಿಮೆ ಕಷ್ಟವಾಗುತ್ತಿತ್ತು.

ಸಂಜೆಯ ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ ಮೂವರೂ ಜಿನಪಾಲನ ಆಫೀಸಿನಲ್ಲಿದ್ದೆವು. ಮರುದಿನ ಬೆಳಿಗ್ಗೆಯೇ ಸ್ನೇಹಲಳನ್ನು ಠಾಣೆಗೆ ಒಪ್ಪಿಸುವುದು ಎಂದು ಅವನು ನಿಶ್ಚಯಿಸಿದ್ದ. ಕೆಟ್ಟವನಲ್ಲ. ರಾಯಪ್ಪನನ್ನು ತನ್ನ ಗಾಡಿಯಲ್ಲೇ ದವಾಖಾನೆಗೆ ಒಯ್ದವನು, ಸೀಟಿನ ರಕ್ತವನ್ನು ಇನ್ನೂ ತೊಳೆಸಿಲ್ಲ.

"ರತ್ನಕ್ಕಾ, ಲಗೂನ ಮುಗಸ್ರಿ. ಹೊತ್ತು ಮುಣಗಾಕ ಬಂತು. ನೀವೂ ಉಣ್ಣಬೇಕು, ನಾವೂ ಉಣ್ಣಬೇಕು."

ಹೊತ್ತು ಮುಳುಗಿದ ಮೇಲೆ ಅವರ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಬಾಯಿಯವರೂ ಉಣ್ಣುವುದಿಲ್ಲ. ದಿನವೂ ಇದೇ ಹೊತ್ತಿಗೆ ಜಿನಪಾಲ ಮತ್ತು ಅವನ ತಂಗಿಯ ಮಗ ಹರ್ಷದ ಊಟಕ್ಕೆ ಮನೆಗೆ ಹೋಗುತ್ತಾರೆ. ಅವರು ತಿರುಗಿ ಬರುವ ತನಕ ಆಫೀಸಿನಲ್ಲಿ ಸ್ನೇಹಲ ಒಬ್ಬಳೇ. ಬಾಗಿಲು ತೆರೆದಿರುತ್ತದೆ, ಕಂಪ್ಯೂಟರೂ ತೆರೆದಿರುತ್ತದೆ.

ಹರ್ಷದ ಆ ಹಳೆಯ ಕಂಪ್ಯೂಟರಿಗೆ ಒರಗಿ ನಿಂತಿದ್ದ. ಗಡ್ಡ ಚೂಪು, ಅಂಗಿ ಇಸ್ತ್ರಿ.

"ಹರ್ಷದ, ರಾಯಪ್ಪನ ಮಗ್ಗದ ಫೈಲ್ ತಗದಿದ್ದಿಯೇನು?"

"ನಾ ಯಾಕ ತಗೀಲಿ ಮಾವಶಿ? ಅದರ ಕೆಲಸಾ ಅಕೀದು."

"ಎಲ್ಲಾ ಸಾಲು ಒಂದಕ್ಕೊಂದು ಹತ್ತಿದ್ದು ನೋಡಿ ಗಾಬರಿ ಆಗಲಿಲ್ಲೇನು?"

"ಆತಲ್ರಿ! ಎಲ್ಲಾ ಕೂಡಿ ಖಿಚಡಿ…"

ಅಲ್ಲಿಗೆ ನಿಲ್ಲಿಸಿದ. ತಡವಾಗಿತ್ತು.

ಕಾರಿನಲ್ಲಿ ಬರುವಾಗ ಸ್ನೇಹಲ ಹೇಳಿದ್ದಳು: ಬಾಲವಿಲ್ಲದ ಫೈಲನ್ನು ಆ ಕಂಪ್ಯೂಟರಿನ ಹಳೆಯ ನೋಟ್‌ಪ್ಯಾಡಿನಲ್ಲಿ ತೆರೆದರೆ, ಸಾಲು ಎಲ್ಲಿ ಮುಗಿಯುತ್ತದೆ ಎಂದು ಅದಕ್ಕೆ ತಿಳಿಯುವುದಿಲ್ಲ, ಎಲ್ಲವನ್ನೂ ಒಂದೇ ಸಾಲಾಗಿ ಹರವುತ್ತದೆ. ತೆರೆದವನಿಗೆ ಮಾತ್ರ ಅದು ಗೊತ್ತಿರಲು ಸಾಧ್ಯ.

"ಕಾಯ್ ರೇ ಹರ್ಷ್ಯಾ?" ಏನೋ ಎಂದು ಮರಾಠಿಯಲ್ಲಿ ಕೇಳಿದ ಜಿನಪಾಲನ ದನಿ ಇಳಿಯಿತು. "ಏನ ಮಾಡಿದಿ?"

"ಏನೂ ಮಾಡಿಲ್ಲ ಮಾಮಾ! ಮಾತ ಮಾತಿಗೆ ಅಕೀಗೆ ಗೊತ್ತೈತಿ, ಅಕೀಗೆ ಕೇಳು ಅಂತೀರಿ. ಏನೈತಿ ಅದರಾಗ ಅಂತ ತಗದು ನೋಡಿದ್ನಿ. ನೋಟ್‌ಪ್ಯಾಡಿನಾಗ ಒಂದ ಸಾಲಾತು. ವರ್ಡ್‌ಪ್ಯಾಡಿನಾಗ ತಗದ್ನಿ, ನೆಟ್ಟಗ ಕಾಣಸ್ತು. ಸೇವ್ ಒತ್ತಿ ಊಟಕ್ಕ ಬಂದ್ನಿ. ಒಂದಕ್ಷರ ಮುಟ್ಟಿಲ್ಲ. ಕಮಿಟ್ ಮಾಡಾಕ ನನಗ ಬರೂದೂ ಇಲ್ಲ."

"ಮತ್ತ ಇಷ್ಟ ದಿನಾ ಬಾಯಾಗ ಏನ ಇಟಗೊಂಡಿದ್ದಿ?"

"ಎಲ್ಲಾ ಸಾಲಿಗೂ ಅಕಿ ಹೆಸರಿತ್ತಲ್ಲ ಮಾಮಾ. ನಂದಿರಲಿಲ್ಲ."

ಜಿನಪಾಲ ಸ್ನೇಹಲಳ ಕಡೆ ನೋಡಲಾರದೆ ಮೇಜಿನ ಮೇಲಿನ ನೂಲಿನ ಬಾಬಿನನ್ನು ತಿರುಗಿಸುತ್ತ ಕುಳಿತ. ಆಮೇಲೆ "ಮಗಳ," ಎಂದ. ಆ ಒಂದು ಮಾತಿಗೇ ಸ್ನೇಹಲಳ ಮುಖ ಬಿಚ್ಚಿತು. ಅಷ್ಟು ದಿನದಲ್ಲಿ ಆ ಊರಿನಲ್ಲಿ ಯಾರೋ ಅವಳನ್ನು ನಂಬಿದ್ದು ಅದೇ ಮೊದಲು.

ನಾನು ಕಾರಿನ ಕೀಲಿ ತೆಗೆದೆ. "ಮುಗೀತಲ್ಲ ಬಾಯಾರ. ನಡೀರಿ, ಇನ್ನೂ ಬಿಸಲೈತಿ, ಉಣ್ಣಾಕ ಸಿಗತೈತಿ."

ರತ್ನಮಾಲಾಬಾಯಿ ಏಳಲಿಲ್ಲ.

"ಬಾಲ ಬೆರಳು ಕತ್ತರಸೂದಿಲ್ಲ ಕಾಕಾ," ಎಂದರು.

ಎಲ್ಲರೂ ಅವರ ಕಡೆ ತಿರುಗಿದರು.

"ಹರ್ಷದ ಸೇವ್ ಮಾಡ್ಯಾನ, ಎಲ್ಲಾ ಸಾಲಿಗೆ ಬಾಲ ಬಂದಾವು. ಒಪ್ಪಿದ್ನಿ. ಆದ್ರ ಬಾಲ ಬಂದ್ರ ಮಗ್ಗ ನಿಂದರೂದು ಬಿಡೂದಿಲ್ಲ. ಈ ಬಾಲದ ಗುಂಪಿನಾಗ ನಿಜವಾಗಿ ಬದಲಾಗಿದ್ದು ಏನರ ಐತಿ. ಸ್ನೇಹಲ, ಬಾಲ ನೋಡಲಾರದ ಬರೇ ಅಕ್ಷರ ಹೋಲಿಸಿ ತೋರಸಾಕ ಬರತೈತೇನು?"

"ಬರತೈತ್ರಿ."

ಅವಳು ಜೊತೆಗೆ ತಂದಿದ್ದ ಲ್ಯಾಪ್‌ಟಾಪ್ ತೆರೆದು ಟೈಪು ಮಾಡಿದಳು. ಆ ಕೆಂಪು ಹಸಿರಿನ ಗೋಡೆ ಒಮ್ಮೆಲೇ ಬಿದ್ದು ಹೋಯಿತು. ಸಾವಿರಾರು ಸಾಲು ಇದ್ದಲ್ಲಿ ಒಂದೇ ಸಾಲು ಉಳಿಯಿತು.

ನೂಲು ಹರಿದರೆ ನಿಲ್ಲು ಎನ್ನುವ ಅಪ್ಪಣೆ. ಅದರ ಮುಂದೆ ಮೊದಲು 'ಹೌದು' ಎಂದಿತ್ತು. ಈಗ 'ಇಲ್ಲ' ಎಂದಿತ್ತು.

ಹೊರಗೆ ಮಗ್ಗಗಳು ಬಡಿದುಕೊಳ್ಳುತ್ತಲೇ ಇದ್ದವು.

ಜಿನಪಾಲ ಎದ್ದು ಹರ್ಷದನ ಕೊರಳಪಟ್ಟಿ ಹಿಡಿದ. "ಒಂದಕ್ಷರ ಮುಟ್ಟಿಲ್ಲ ಅಂದಿ! ರಾಯಪ್ಪ ನನ್ನ ಹೆಗಲ ಮ್ಯಾಲ ಹೊತ್ತು ಆಡಿಸಿದವಾ!"

"ಅದು ನಾ ಅಲ್ಲ ಮಾಮಾ, ಮಹಾವೀರನ ಆಣಿ!"

"ಬಿಡು ಅವನ್ನ," ಎಂದರು ಬಾಯಿಯವರು. "ಸ್ನೇಹಲ, ಆ ಸಾಲಿನ ಅಂಚು ತೋರಸು."

ಅವಳು ಮತ್ತೆ ಒತ್ತಿದಳು. ಮೇಲಿನ ಸಾಲಿನ ತುದಿಗೆ ಟೋಪಿ ಮತ್ತು ಎಮ್. ಕೆಳಗಿನ ಸಾಲಿನ ತುದಿಗೆ ಟೋಪಿ ಮತ್ತು ಎಮ್. ನಡುವಿನ ಆ ಒಂದು ಸಾಲಿನ ತುದಿ ಬೋಳು.

"ವರ್ಡ್‌ಪ್ಯಾಡ್ ಒಂದ ಸಾಲು ಬಿಟ್ಟು ಉಳಿದದ್ದಕ್ಕ ಬಾಲ ಹಚ್ಚತೈತೇನು?"

"ಇಲ್ರಿ. ಹಚ್ಚಿದ್ರ ಎಲ್ಲಾಕ್ಕೂ ಹಚ್ಚತೈತಿ."

"ಅಂದ್ರ ಹರ್ಷದ ಊಟಕ್ಕ ಎದ್ದು ಹೋದ ಮ್ಯಾಲ, ಆ ಹಳೇ ಕಂಪ್ಯೂಟರಿನ ಮುಂದ ಇನ್ನೊಬ್ಬರು ಕುಂತಾರ, ಕಮಿಟ್ ಮಾಡಿದ್ದೂ ಅವರ. ಹೆಂಗ ಬದಲ ಮಾಡಿದ್ರ ಒಂದ ಸಾಲಿನ ಬಾಲ ಹೋಗತೈತಿ?"

ಕೇಳಿದ್ದಕ್ಕೆ ಉತ್ತರ ಗೊತ್ತಿದ್ದವರು ಮುಂದಿನದನ್ನು ಯೋಚಿಸದೆ ಹೇಳಿಬಿಡುತ್ತಾರೆ. ಸ್ನೇಹಲಳೂ ಹಾಗೆಯೇ ಹೇಳಿದಳು.

"ಫೈಲ್ ತಗೀಲಾರದ, ಕರೀ ಪರದೇದಾಗ ಒಂದ ಅಪ್ಪಣಿ ಬರದ್ರ ಆತ್ರಿ. ಅದು ಆ ಸಾಲು ಹುಡುಕಿ, ತುದಿತನಕಾ ಅಳಿಸಿ, ಹೊಸಾದು ಕೂಡಸತೈತಿ. ಅಳಿಸೂ ಮುಂದ ಬಾಲಾನೂ ಅದರ ಕೂಡ ಹೋಗ…"

ಅವಳ ಬೆರಳುಗಳು ಕೀಲಿಗಳ ಮೇಲೆ ಹಾಗೇ ನಿಂತವು.

"ಹಂಗ ಮಾಡಾಕ ಇಲ್ಲೆ ಯಾರಿಗೆ ಬರತೈತಿ?" ಬಾಯಿಯವರ ದನಿ ಬಹಳ ಮೆತ್ತಗಿತ್ತು.

"ಇಕಿ ಒಬ್ಬಾಕೀಗೆ," ಎಂದ ಜಿನಪಾಲ.

"ನಿನಗ ಕಲಿಸಿದವರು ಯಾರು, ಸ್ನೇಹಲ?"

ನನಗೆ ಆ ಚಹಾಪುಡಿಯ ಡಬ್ಬಿ ಕಣ್ಣ ಮುಂದೆ ಬಂತು. ಚಹಾ ಕುಡಿಯದ ಹುಡುಗಿಯ ಮನೆಯಲ್ಲಿ ಅಷ್ಟೊಂದು ಚಹಾಪುಡಿಯನ್ನು ಖಾಲಿ ಮಾಡಿದವರು ಯಾರು? ಮಹಾಗಾಂವಕ್ಕೆ ಹೋದೆ ಎಂದವನು ತಂಗಿಯನ್ನು ನೋಡಲು ಬಂದು ಹೋಗುತ್ತಿದ್ದ. ಆಫೀಸಿಗೆ ಬಂದರೆ ಜಗಳವಾಡಿದ ಮಾಲೀಕ ಎದುರಾಗದ ಹೊತ್ತು ಒಂದೇ, ಹೊತ್ತು ಮುಳುಗುವ ಮುಂಚಿನ ಊಟದ ಹೊತ್ತು. ಮತ್ತೆ ರಾಯಪ್ಪ ಗೋಡೆಯ ಕಡೆ ತಿರುಗಿಕೊಂಡದ್ದು ಯಾರ ಹೆಸರು ಬಾಯಿಗೆ ಬರಬಾರದೆಂದು?

ಸ್ನೇಹಲ ಲ್ಯಾಪ್‌ಟಾಪನ್ನು ಮುಚ್ಚಿದಳು. ಸೆರಗಿನಂತೆ ಓಢಣಿಯನ್ನು ಹೆಗಲಿಗೆ ಎಳೆದುಕೊಂಡು ಎದ್ದು ನಿಂತಳು.

"ನಾನ ಮಾಡೇನ್ರಿ."

"ಏನಂದಿ?"

"ಆ ಸಾಲು ನಾನ ಬದಲ ಮಾಡೇನಿ. ಬರಕೋರಿ. ಎಲ್ಲೆ ಸಹಿ ಮಾಡಬೇಕು ಹೇಳ್ರಿ."

"ಆಗಳೆ ಅಲ್ಲ ಅಂದಿ!" ನಾನು ಕೂಗಿಯೇಬಿಟ್ಟೆ.

"ಆಗ ಸುಳ್ಳ ಹೇಳಿದ್ನಿ ಕಾಕಾ."

ಅವಳು ನನ್ನ ಕಣ್ಣಿನಲ್ಲಿ ಕಣ್ಣಿಟ್ಟು ಹೇಳಿದಳು. ಬಸ್ಸಿನಲ್ಲಿ ಎಷ್ಟೋ ಸುಳ್ಳು ಕೇಳಿದ್ದೇನೆ, ಅಂಥ ಸುಳ್ಳು ಕೇಳಿಲ್ಲ. ಇಡೀ ಊರು ಬೆರಳು ಮಾಡಿ ತೋರಿಸಿದಾಗ ಒಪ್ಪದವಳು, ಬಿಡುಗಡೆಯಾದ ಗಳಿಗೆಯಲ್ಲಿ ಒಪ್ಪಿಕೊಂಡಳು. ಆಗಷ್ಟೇ 'ಮಗಳ' ಎಂದಿದ್ದ ಜಿನಪಾಲ ಮುಖ ತಿರುಗಿಸಿದ. ಅವಳು ಅದನ್ನೂ ನೋಡಿದಳು.

ಕಿಟಕಿಯ ಬಿಸಿಲು ಹೋಗಿತ್ತು. ನಿನ್ನೆ ಆ ಕೋಣೆಯಲ್ಲಿದ್ದ ಜೈನರು ಯಾರೂ ಉಣ್ಣಲಿಲ್ಲ.

"ಜಿನಪಾಲ, ನನಗ ಒಂದ ದಿನಾ ಕೊಡು," ಎಂದರು ರತ್ನಮಾಲಾಬಾಯಿ.

"ಅಕಿನ ಒಪ್ಪ್ಯಾಳಲ್ಲ ರತ್ನಕ್ಕಾ. ಇನ್ನೇನು?"

"ಒಂದ ದಿನಾ."

"ನಾಳೆ ಒಂದ ದಿನಾ. ನಾಡಿದ್ದು ಮುಂಜಾನಿ ಠಾಣೆ."

ಆ ಒಂದು ದಿನ ಇವತ್ತು.

ಇದನ್ನು ಮಹಾಗಾಂವದ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದೇನೆ. ಒಬ್ಬನೇ ಫೋನಿನ ಜೊತೆ ಮಾತಾಡುವ ಮುದುಕನನ್ನು ನೋಡಿ, ನೇಸರಿ ಬಸ್ಸಿಗೆ ಕಾಯುವವರು ಸ್ವಲ್ಪ ಸರಿದು ಕುಳಿತಿದ್ದಾರೆ. ಕೂಡ್ರಲಿ. ಅಭಯನ ಮನೆಗೆ ಬೀಗ. ಮಗ್ಗದ ಸುದ್ದಿ ಬಂದ ದಿನವೇ ಚೀಲ ತಗೊಂಡು ಬಸ್ ಹತ್ತಿದನಂತೆ, ಯಾವ ಕಡೆಯ ಬಸ್ ಎಂದು ಯಾರೂ ನೋಡಿಲ್ಲ. ಬಾಯಿಯವರು ಇನ್ನೂ ಮನೆಮನೆಗೆ ಕೇಳುತ್ತ ತಿರುಗುತ್ತಿದ್ದಾರೆ.

ಬರುವಾಗ ಕಾರಿನಲ್ಲಿ ಒಂದು ಮಾತು ಹೇಳಿದರು. "ಅವಾ ಕೇಡು ಮಾಡಾಕ ಮಾಡಿಲ್ಲ ಅಂತ ನಾ ತಿಳದೇನಿ ಕಾಕಾ. ರಾಯಪ್ಪನ ಗೋಳು ಕೇಳಿ, ಮಗ್ಗ ಓಡಲಿ ಅಂತ ಮಾಡಿರಬೇಕು. ಆದ್ರ ನಾ ತಿಳದದ್ದು ಪುರಾವೆ ಅಲ್ಲ. ಅವನ ಬಂದು ಹೇಳಬೇಕು. ಇಲ್ಲಾಂದ್ರ ಅಕಿ ಸಹಿ ಮಾಡತಾಳ."

ಬೆಳಿಗ್ಗೆ ಅಭಯನ ನಂಬರಿಗೆ ಒಂದು ಸಾಲು ಬರೆದು ಕಳಿಸಿದ್ದೆ: ತಂಗಿ ನಿನ್ನ ಬದಲು ಒಪ್ಪಿಕೊಂಡಿದ್ದಾಳೆ, ಬಾ. ಅದರ ಕೆಳಗೆ ಇಷ್ಟು ಹೊತ್ತೂ ಒಂದೇ ಟಿಕ್ ಇತ್ತು. ಫೋನ್ ಬಂದ್ ಇದ್ದರೆ ಒಂದೇ ಇರುತ್ತದೆ, ನಿಮಗೂ ಗೊತ್ತು.

ಈಗ ನೋಡಿದೆ. ಎರಡು ಟಿಕ್ ಬಿದ್ದಿವೆ. ಇನ್ನೂ ನೀಲಿಯಾಗಿಲ್ಲ. ಎಲ್ಲೋ ಒಂದು ಕಡೆ ಅವನು ಫೋನ್ ತೆರೆದಿದ್ದಾನೆ. ನನ್ನ ನಂಬರು ಅವನಿಗೆ ಗೊತ್ತಿಲ್ಲ, ಓದದೇ ಮತ್ತೆ ಬಂದ್ ಮಾಡಿದರೂ ಮಾಡಿದ.

ಅದಕ್ಕೇ ಕೇಳುತ್ತೇನೆ. ಇದನ್ನು ಮಹಾಗಾಂವದ ಹಾಲಿನವರ ಗ್ರೂಪಿಗೆ ಹಾಕಿ, ನೇಸರಿಯವರಿಗೆ ಹಾಕಿ, ಗಡಹಿಂಗ್ಲಜದ ಪೇಟೆಯವರಿಗೆ ಹಾಕಿ, ಶಿರೋಳದಲ್ಲಿ ಕಬ್ಬಿನ ಗದ್ದೆಯಲ್ಲಿರುವ ಬೀಗರಿಗೂ ಹಾಕಿ. ಅವನಿಗೆ ಪರಿಚಯವಿರುವ ಯಾವುದಾದರೂ ಹೆಸರಿನಿಂದ ಇದು ಅವನಿಗೆ ಮುಟ್ಟಬೇಕು. ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ಆಮೇಲೆ ಬೈಯಿರಿ, ಕೇಳುತ್ತೇನೆ.

ಅಭಯಾ, ಕೇಳಾಕತ್ತೀಯೇನಪಾ? ನಿನ್ನೆ ನಮಗ ತೆಳ್ಳನ ಚಹಾ ಮಾಡಿ ಕೊಟ್ಟಳು. ಡಬ್ಬಿ ತಳದಾಗ ಒಬ್ಬರಿಗೆ ಆಗೂವಷ್ಟು ಪುಡಿ ಉಳಿಸಿ ಮುಚ್ಚಿಟ್ಟಾಳ.

ಗುಂಡೂ, ನೀನ ಮೊದಲ ಕಳಸು.